ಅಂಗೈ ಅಚ್ಚಿನಲ್ಲಿ ದಸರಾ ಆನೆ: ಹಾಳೆ ಕೆಡದಂತೆ ಮಾಡುವ ಕ್ರಮ

ದಸರಾ ರಜೆಯಲ್ಲಿ ಮಕ್ಕಳ ಅಂಗೈಗೆ ಬಣ್ಣ ಹಚ್ಚಿ ಕಾಗದದ ಮೇಲೆ ಆನೆ ಮೂಡಿಸಲು ಹೊರಟ ಅನೇಕರಿಗೆ ಕೊನೆಗೆ ಸಿಗುವುದು ಆನೆಯಲ್ಲ. ನಡುವೆ ಬಿಳಿ ತೂತು ಬಿದ್ದ, ಕಾಲುಗಳು ಏಡಿಯಂತೆ ಚೆಲ್ಲಿದ, ಸೊಂಡಿಲು ಯಾವುದೆಂದು ಬೆರಳಿಟ್ಟು ತೋರಿಸಬೇಕಾದ ಒಂದು ಬೂದು ಕಲೆ. ದೂರು ಮಾತ್ರ ಯಾವಾಗಲೂ ಮಗುವಿನ ಮೇಲೆಯೇ ಬರುತ್ತದೆ: ಕೈ ಅಲುಗಾಡಿಸಿತು, ಮುಷ್ಟಿ ಬಿಗಿಯಿತು, ಸುಮ್ಮನೆ ಕೂರಲಿಲ್ಲ. ನಾನು ಕಂಡ ಮಟ್ಟಿಗೆ ತಪ್ಪು ಮಗುವಿನ ಕೈಯಲ್ಲಿರುವುದು ಅಪರೂಪ, ಅದು ದೊಡ್ಡವರು ಕೆಲಸ ಜೋಡಿಸಿಕೊಂಡ ಸರದಿಯಲ್ಲಿರುತ್ತದೆ. ಬಣ್ಣ ಕಲಸಿದ ಮೇಲೆ ಕಾಗದ ಹುಡುಕುವುದು, ಕೈಗೆ ಬಣ್ಣ ಬಿದ್ದ ಮೇಲೆ ಬಕೆಟ್ಟಿಗೆ ನೀರು ತುಂಬಲು ಓಡುವುದು, ಅಚ್ಚು ಒದ್ದೆಯಿರುವಾಗಲೇ ಕಣ್ಣು ಬರೆಯುವುದು, ಈ ಮೂರರಿಂದಲೇ ಬಹಳಷ್ಟು ಹಾಳೆಗಳು ಕಸದ ಬುಟ್ಟಿ ಸೇರುತ್ತವೆ.

ಇಲ್ಲಿ ಜಂಬೂಸವಾರಿಯ ಆನೆಯೊಂದನ್ನೇ ಹಿಡಿದು ಮೊದಲಿನಿಂದ ಕೊನೆಯವರೆಗೆ ವಿವರಿಸಿದ್ದೇನೆ. ಆನೆ ಕೈಗೆ ಹತ್ತಿದರೆ ಕಾರಹುಣ್ಣಿಮೆಯ ಎತ್ತು, ನವರಾತ್ರಿಯ ಹುಲಿ, ಕ್ರಿಸ್ಮಸ್ಸಿನ ಹಿಮಸಾರಂಗ ಇವೆಲ್ಲ ಸಣ್ಣಪುಟ್ಟ ಬದಲಾವಣೆಯಿಂದ ಬರುತ್ತವೆ. ಆ ಬದಲಾವಣೆಗಳನ್ನು ಕೊನೆಯಲ್ಲಿ ಹೇಳಿದ್ದೇನೆ.

1. ಬಣ್ಣದ ಡಬ್ಬಿ ತೆರೆಯುವ ಮುನ್ನ ಕೈಗೆಟುಕುವಂತೆ ಇರಬೇಕಾದವು

ಕಾಗದ ದಪ್ಪವಿರಬೇಕು. ನೋಟುಬುಕ್ಕಿನ ಹಾಳೆ ಮತ್ತು ಮುದ್ರಣಕ್ಕೆ ಬಳಸುವ ತೆಳುವಾದ ಬಿಳಿ ಹಾಳೆ ಎರಡೂ ಬಣ್ಣದ ನೀರು ಹೀರಿ ಸುಕ್ಕುಗಟ್ಟುತ್ತವೆ, ಸುಕ್ಕಿನ ಗುಂಡಿಯಲ್ಲಿ ಬಣ್ಣ ಇಳಿಯುವುದಿಲ್ಲ. ಸ್ಟೇಷನರಿ ಅಂಗಡಿಯಲ್ಲಿ 150ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ದಪ್ಪದ ಡ್ರಾಯಿಂಗ್ ಶೀಟ್ ಕೇಳಿ ತನ್ನಿ. ಹೊಳಪಿನ ಚಾರ್ಟ್ ಪೇಪರನ್ನು ನಾನು ಸೂಚಿಸುವುದಿಲ್ಲ, ಏಕೆಂದರೆ ಅದರ ನುಣುಪು ಮೈಮೇಲೆ ಪುಟ್ಟ ಅಂಗೈ ಜಾರುತ್ತದೆ ಮತ್ತು ಬೆರಳುಗಳ ಅಂಚು ಕಲಸಿಹೋಗುತ್ತದೆ. ಒಂದು ಮಗುವಿಗೆ ಕನಿಷ್ಠ ಮೂರು ಹಾಳೆಗಳೆಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಬಣ್ಣದ ಆಯ್ಕೆಯಲ್ಲಿ ರಾಜಿ ಬೇಡ. ಮಕ್ಕಳಿಗೆಂದೇ ತಯಾರಾದ, ನೀರಿನಲ್ಲಿ ತೊಳೆದುಹೋಗುವ ಫಿಂಗರ್ ಪೇಂಟ್ ಎಲ್ಲಕ್ಕಿಂತ ಮೇಲು. ಇದಕ್ಕೆ ನಮ್ಮಲ್ಲಿ ಆಟಿಕೆಗಳ ಮಾನಕವಾದ ಐಎಸ್ 9873ರಲ್ಲಿ ಪ್ರತ್ಯೇಕ ಭಾಗವೇ ಇದೆ, ಆದ್ದರಿಂದ ಡಬ್ಬಿಯ ಮೇಲೆ ಐಎಸ್‌ಐ ಗುರುತು ಇದೆಯೇ ಎಂದು ನೋಡಿ ಕೊಳ್ಳಿ. ಮೂರು ವರ್ಷ ದಾಟಿದ, ಕೈಯನ್ನು ಬಾಯಿಗೆ ಒಯ್ಯದ ಮಕ್ಕಳಿಗೆ ವಿಷರಹಿತವೆಂದು ನಮೂದಿಸಿರುವ ಪೋಸ್ಟರ್ ಕಲರ್ ಕೂಡ ಆಗುತ್ತದೆ. ಅಕ್ರಿಲಿಕ್ ಬಣ್ಣವನ್ನು ಚರ್ಮಕ್ಕೆ ಹಚ್ಚಬಾರದು, ಅದು ಒಣಗಿ ಪೊರೆ ಕಟ್ಟಿ ಉಗುರಿನ ಸಂದಿಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಬಟ್ಟೆಗೆ ಹಾಕುವ ಬಣ್ಣ, ಎನಾಮೆಲ್, ಗೋಡೆಯ ಡಿಸ್ಟೆಂಪರು ಯಾವುದೂ ಕೂಡದು. ಮನೆಯಲ್ಲಿ ಹೇಗೂ ಇದೆಯೆಂದು ರಂಗೋಲಿ ಪುಡಿಗೆ ನೀರು ಬೆರೆಸಿ ಹಚ್ಚುವವರಿದ್ದಾರೆ. ಅದು ಕಲ್ಲಿನ ಪುಡಿ, ಎಳೆಯ ಚರ್ಮವನ್ನು ಉಜ್ಜಿ ಕೆಂಪಾಗಿಸುತ್ತದೆ, ಅಚ್ಚೂ ಒಣಗಿದ ಮೇಲೆ ಉದುರಿಹೋಗುತ್ತದೆ.

ಇನ್ನುಳಿದವು ಹೀಗಿವೆ: ಒಂದು ಅಂಗುಲ ಅಗಲದ ಚಪ್ಪಟೆ ಬ್ರಷ್ ಅಥವಾ ಪಾತ್ರೆ ಉಜ್ಜುವ ಹೊಸ ಸ್ಪಂಜಿನ ತುಂಡು, ನಾಲ್ಕು ಮಡಿಕೆ ಮಾಡಿದ ಟವೆಲ್, ಹಳೆಯ ಪತ್ರಿಕೆಗಳು, ಸೀಸದ ಕಡ್ಡಿ, ಹತ್ತಿ ತುದಿಯ ಕಡ್ಡಿಗಳು, ಕಪ್ಪು ಸ್ಕೆಚ್ ಪೆನ್, ಚಿನ್ನದ ಬಣ್ಣದ ಕಾಗದ, ಫೆವಿಕಾಲ್. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರು, ಸೋಪು ಮತ್ತು ಎರಡು ಹಳೆಯ ಬಟ್ಟೆಗಳು ಮಗು ಕೂರುವ ಜಾಗದಿಂದ ಒಂದು ಕೈ ದೂರದಲ್ಲಿರಬೇಕು. ಈ ಬಕೆಟ್ಟು ಬಚ್ಚಲಮನೆಯಲ್ಲಿದ್ದರೆ ಬಣ್ಣದ ಕೈಯ ಅಚ್ಚು ಮೊದಲು ಬೀಳುವುದು ಹಾಳೆಯ ಮೇಲಲ್ಲ, ನಡುಮನೆಯ ಗೋಡೆಯ ಮೇಲೆ.

2. ಚರ್ಮದ ಪರೀಕ್ಷೆ, ಹಿಂದಿನ ದಿನವೇ

ಬಣ್ಣದ ಒಂದು ಚುಕ್ಕಿಯನ್ನು ಮಗುವಿನ ಮಣಿಕಟ್ಟಿನ ಒಳಬದಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಮರುದಿನದವರೆಗೆ ಕೆಂಪು, ತುರಿಕೆ, ಗುಳ್ಳೆ ಕಾಣದಿದ್ದರೆ ಮುಂದುವರಿಯಬಹುದು. ಅಂಗೈಯಲ್ಲಿ ಗಾಯ, ತರಚು ಅಥವಾ ಇಸುಬು ಇದ್ದರೆ ಅಂದು ಆ ಕೈಯನ್ನು ಬಿಟ್ಟುಬಿಡಿ.

3. ಹಾಳೆಯ ಮೇಲೆ ಆನೆಯ ಜಾಗ ಗುರುತಿಸುವುದು

ಬಹುತೇಕ ಎಲ್ಲರೂ ಬಿಟ್ಟುಬಿಡುವ ಹಂತವಿದು. ಅಂಗೈ ಅಚ್ಚನ್ನು ತಲೆಕೆಳಗು ಮಾಡಿದಾಗ ನಾಲ್ಕು ಬೆರಳು ನಾಲ್ಕು ಕಾಲಾಗುತ್ತವೆ, ಹೆಬ್ಬೆರಳು ಸೊಂಡಿಲಾಗುತ್ತದೆ, ಮಣಿಕಟ್ಟಿನ ಕಡೆಯ ಅಂಗೈಯ ದಿಂಡು ಆನೆಯ ಬೆನ್ನಾಗುತ್ತದೆ. ಅಂದರೆ ಮಗು ಅಚ್ಚು ಒತ್ತುವಾಗ ಹಾಳೆಯಲ್ಲಿ ಮಗುವಿಗೆ ಹತ್ತಿರವಿರುವ ಅಂಚು ಚಿತ್ರದ ಮೇಲ್ಭಾಗ, ದೂರದ ಅಂಚು ನೆಲ. ಇದನ್ನು ಮರೆತು ಹಾಳೆಯ ನಟ್ಟನಡುವೆ ಒತ್ತಿಸಿದರೆ ಅಂಬಾರಿಗೆ ಜಾಗ ಸಾಲುವುದಿಲ್ಲ.

ಮೂರು ವರ್ಷದ ಮಗುವಿನ ಕೈ ಮಣಿಕಟ್ಟಿನಿಂದ ನಡುಬೆರಳ ತುದಿಗೆ ಸುಮಾರು 10ರಿಂದ 12 ಸೆಂ.ಮೀ. ಇರುತ್ತದೆ. ಎ4 ಹಾಳೆಯ ಉದ್ದ 29.7 ಸೆಂ.ಮೀ., ಅಗಲ 21 ಸೆಂ.ಮೀ. ಹಾಳೆಯನ್ನು ಉದ್ದುದ್ದವಾಗಿ ಇಟ್ಟರೆ ಒಂದು ಆನೆ, ಅದರ ಮೇಲೊಂದು ಅಂಬಾರಿ, ಕೆಳಗೆ ಬೀದಿ ಎಲ್ಲವೂ ಆರಾಮವಾಗಿ ಹಿಡಿಸುತ್ತವೆ. ಅಡ್ಡಡ್ಡ ಇಟ್ಟರೆ ಅಂಬಾರಿಯ ಗೋಪುರ ಹಾಳೆಯಿಂದ ಹೊರಗೆ ಹೋಗುತ್ತದೆ. ಮಗುವಿಗೆ ದೂರದ ಅಂಚಿನಿಂದ 3 ಸೆಂ.ಮೀ. ಒಳಗೆ ಸೀಸದ ಕಡ್ಡಿಯಲ್ಲಿ ತೆಳುವಾಗಿ ಒಂದು ಅಡ್ಡಗೆರೆ ಎಳೆಯಿರಿ. ನಡುಬೆರಳ ತುದಿ ಈ ಗೆರೆಯನ್ನು ಮುಟ್ಟಬೇಕು, ಮುಂದೆ ಇದೇ ಆನೆ ನಡೆಯುವ ನೆಲವಾಗುತ್ತದೆ.

ಆನೆ ಯಾವ ಕಡೆ ಮುಖ ಮಾಡಬೇಕೆಂಬುದನ್ನೂ ಈಗಲೇ ನಿರ್ಧರಿಸಿ. ಬಲಗೈಯನ್ನು ಒತ್ತಿ ಹಾಳೆ ತಿರುಗಿಸಿದರೆ ಆನೆ ಬಲಕ್ಕೆ ನಡೆಯುತ್ತದೆ, ಎಡಗೈಯಾದರೆ ಎಡಕ್ಕೆ. ಅಣ್ಣನ ಬಲಗೈ, ತಂಗಿಯ ಎಡಗೈ ಒತ್ತಿಸಿ ಆಮೇಲೆ ಎರಡು ಆನೆಗಳೂ ಜಗಳಕ್ಕೆ ನಿಂತಂತೆ ಕಾಣುತ್ತಿವೆ ಎಂದು ಬೇಸರಪಟ್ಟ ಮನೆಗಳನ್ನು ಬಲ್ಲೆ. ಮೆರವಣಿಗೆ ಬೇಕೆಂದರೆ ಎಲ್ಲರದೂ ಒಂದೇ ಕೈ ಇರಲಿ.

ಹಾಳೆಯ ಹಿಂಬದಿಯಲ್ಲಿ ಮಗುವಿನ ಹೆಸರು, ವಯಸ್ಸು, ದಿನಾಂಕವನ್ನು ಸೀಸದ ಕಡ್ಡಿಯಲ್ಲಿ ಬರೆಯುವ ಸಮಯವೂ ಇದೇ. ಬಣ್ಣ ಬಿದ್ದ ಹಾಳೆಯನ್ನು ಮಗುಚಿ ಬರೆಯಲಾಗುವುದಿಲ್ಲ, ಮೂರು ವರ್ಷ ಕಳೆದ ಮೇಲೆ ಇದು ಯಾರ ಕೈಯೆಂದು ಮನೆಯವರಿಗೂ ಗುರುತು ಸಿಗುವುದಿಲ್ಲ.

4. ಬಣ್ಣದ ಹದ

ಆನೆಯ ಬೂದಿಗೆ ಬಿಳಿ ನಾಲ್ಕು ಪಾಲು, ಕಪ್ಪು ಒಂದು ಪಾಲು, ಕಂದು ಒಂದು ಹನಿ. ಕಪ್ಪನ್ನು ಬಿಳಿಗೆ ಸೇರಿಸಬೇಕೇ ಹೊರತು ಬಿಳಿಯನ್ನು ಕಪ್ಪಿಗಲ್ಲ. ಕಪ್ಪಿನಿಂದ ಶುರುಮಾಡಿದರೆ ಡಬ್ಬಿಯ ಬಿಳಿಯೆಲ್ಲ ಮುಗಿದರೂ ಬೂದಿ ತಿಳಿಯಾಗುವುದಿಲ್ಲ. ಬಣ್ಣ ತುಸು ತಿಳಿಯಾಗಿಯೇ ಇರಲಿ, ಗಾಢವಾದರೆ ಮುಂದೆ ಬರೆಯುವ ಕಣ್ಣು ಮತ್ತು ಕಿವಿಯ ಗೆರೆ ಅದರಲ್ಲಿ ಮುಳುಗಿಹೋಗುತ್ತವೆ. ಒಂದು ಪುಟ್ಟ ಅಂಗೈಗೆ ಎರಡು ಟೀ ಚಮಚ ಬಣ್ಣ ಧಾರಾಳವಾಯಿತು.

ಹದವನ್ನು ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಬಣ್ಣವು ಇಡ್ಲಿ ಹಿಟ್ಟಿನಂತಿರಬೇಕು, ನೀರುದೋಸೆಯ ಹಿಟ್ಟಿನಂತಲ್ಲ. ಬ್ರಷ್ಷನ್ನು ಎತ್ತಿದಾಗ ಬಣ್ಣ ದಾರದಂತೆ ಸುರಿದರೆ ನೀರು ಹೆಚ್ಚಾಗಿದೆ ಎಂದರ್ಥ. ಅದು ಕೈಗೆರೆಗಳಲ್ಲಿ ಹರಿದು ಬೆರಳ ಸಂದಿಯಲ್ಲಿ ನಿಂತು ಹಾಳೆಯ ಮೇಲೆ ಬಾತುಕೋಳಿಯ ಪಾದದಂಥ ಅಚ್ಚು ಬಿಡುತ್ತದೆ. ಫಿಂಗರ್ ಪೇಂಟಿಗೆ ಸಾಮಾನ್ಯವಾಗಿ ನೀರೇ ಬೇಕಾಗುವುದಿಲ್ಲ. ಪೋಸ್ಟರ್ ಕಲರ್ ಗಟ್ಟಿಯಾಗಿದ್ದರೆ ಹನಿ ಹನಿಯಾಗಿ ನೀರು ಬಿಡಿ.

ಎರಡು ವರ್ಷದೊಳಗಿನ ಮಕ್ಕಳಿಗೆ ಮನೆಯಲ್ಲೇ ಮಾಡಿಕೊಳ್ಳುವ ಬಣ್ಣ ಮೇಲು. ಅರ್ಧ ಬಟ್ಟಲು ಕಾರ್ನ್‌ಫ್ಲೋರನ್ನು ಎರಡು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಗಂಜಿಯಂತೆ ಗಟ್ಟಿಯಾಗಿಸಿ, ಪೂರ್ತಿ ಆರಿದ ಮೇಲೆ ಅಡುಗೆ ಬಣ್ಣ ಸೇರಿಸಿ. ಇದರ ಅಚ್ಚು ಪೋಸ್ಟರ್ ಕಲರಿನಷ್ಟು ಗಾಢವಾಗಿ ಕೂರುವುದಿಲ್ಲ, ಒಣಗಲೂ ಹೆಚ್ಚು ಹೊತ್ತು ಬೇಕು, ಅಡುಗೆ ಬಣ್ಣದ ಕಲೆ ಚರ್ಮದ ಮೇಲೆ ಒಂದೆರಡು ದಿನ ಉಳಿಯಲೂಬಹುದು. ಆದರೆ ಮಗು ಬೆರಳು ಚೀಪಿದರೆ ಎದೆ ಝಲ್ಲೆನ್ನುವುದಿಲ್ಲ.

5. ಬಣ್ಣವಿಲ್ಲದ ತಾಲೀಮು

ಬಣ್ಣ ಹಚ್ಚುವ ಮುನ್ನ ಒಣ ಕೈಯಲ್ಲೇ ಎರಡು ಮೂರು ಸಲ ಆಟವಾಡಿಸಿ: ಕೈ ಇಡು, ಕಲ್ಲಿನಂತೆ ಇರು, ಮೇಲೆತ್ತು. ಈ ಮೂರು ಮಾತು ಮಗುವಿಗೆ ಬಾಯಿಪಾಠವಾದರೆ ಅರ್ಧ ಕೆಲಸ ಮುಗಿದಂತೆ. ಬೆರಳುಗಳನ್ನು ಎಷ್ಟು ಅಗಲಿಸಬೇಕೆಂಬುದನ್ನೂ ಈಗಲೇ ಕಲಿಸಬೇಕು. ಆನೆಗೆ ನಾಲ್ಕು ಬೆರಳುಗಳ ನಡುವೆ ಒಂದು ಸೀಸದ ಕಡ್ಡಿ ತೂರುವಷ್ಟು ಸಂದಿ ಸಾಕು, ಹೆಬ್ಬೆರಳು ಮಾತ್ರ ಚೆನ್ನಾಗಿ ಹೊರಗೆ ಚಾಚಿರಬೇಕು. "ಕೈ ಅಗಲಿಸು" ಎಂದರೆ ಮಕ್ಕಳು ಐದೂ ಬೆರಳನ್ನು ಬೀಸಣಿಗೆಯಂತೆ ಬಿಡಿಸುತ್ತಾರೆ, ಮೊದಲ ಸಾಲಿನಲ್ಲಿ ಹೇಳಿದ ಏಡಿಕಾಲುಗಳು ಬರುವುದು ಅಲ್ಲಿಂದಲೇ.

ಆರು ತಿಂಗಳೊಳಗಿನ ಕೂಸುಗಳ ವಿಷಯ ಬೇರೆ. ಅಂಗೈಗೆ ಏನು ತಾಕಿದರೂ ಮುಷ್ಟಿ ಬಿಗಿಯುವುದು ಆ ವಯಸ್ಸಿನ ಸಹಜ ಪ್ರತಿಕ್ರಿಯೆಯಾದ್ದರಿಂದ ಬಲವಂತವಾಗಿ ಬೆರಳು ಬಿಡಿಸಲು ಹೋಗಬೇಡಿ. ಅಂಗೈಯ ಬದಲು ಪಾದದ ಅಚ್ಚು ತೆಗೆದುಕೊಳ್ಳಬಹುದು, ಹಿಮ್ಮಡಿಯ ಕಡೆಯನ್ನು ಸೊಂಡಿಲಾಗಿ ಮಾಡಿ ಆನೆಯ ಮುಖ ಬರೆಯಲು ಅದು ಚೆನ್ನಾಗಿ ಒದಗುತ್ತದೆ. ಹಾಲು ಕುಡಿದು, ನಿದ್ದೆ ಮುಗಿಸಿ ಎದ್ದ ಹೊತ್ತು ಇದಕ್ಕೆ ತಕ್ಕ ಸಮಯ.

ಕೆಲವು ಮಕ್ಕಳಿಗೆ ಕೈಗೆ ಅಂಟಂಟಾದದ್ದು ತಾಕಿದರೆ ಆಗುವುದೇ ಇಲ್ಲ. ಕೈ ಹಿಂದಕ್ಕೆಳೆದುಕೊಳ್ಳುವುದು, ಬೆರಳುಗಳನ್ನು ಬಿಗಿಯುವುದು, ತುಟಿ ಮುದುಡುವುದು ಮೊದಲ ಸೂಚನೆಗಳು. ಅಲ್ಲಿಗೇ ನಿಲ್ಲಿಸಿ, ಕೈಯ ಸುತ್ತ ಸೀಸದ ಕಡ್ಡಿಯಲ್ಲಿ ಗೆರೆ ಎಳೆದು, ಬೂದು ಕಾಗದವನ್ನು ಆ ಆಕಾರಕ್ಕೆ ಕತ್ತರಿಸಿ ಅಂಟಿಸಿ. ಅಲ್ಲಿಂದ ಮುಂದಿನ ಅಲಂಕಾರದ ಹಂತಗಳೆಲ್ಲ ಹಾಗೆಯೇ ನಡೆಯುತ್ತವೆ.

6. ಹಚ್ಚುವುದು, ಒತ್ತುವುದು, ಎತ್ತುವುದು

ಮೊದಲು ತಲೆಯ ಮೇಲಿನ ಫ್ಯಾನ್ ಆರಿಸಿ. ಫ್ಯಾನಿನ ಗಾಳಿಗೆ ತೆಳುವಾಗಿ ಹಚ್ಚಿದ ಬಣ್ಣ ಬೇಗನೆ ಕೈಯ ಮೇಲೆಯೇ ಒಣಗಿಬಿಡುತ್ತದೆ, ಆಗ ಹಾಳೆಯ ಮೇಲೆ ಮೂಡುವುದು ಚುಕ್ಕೆ ಚುಕ್ಕೆಯ ಅರೆ ಅಚ್ಚು. ಹಾಳೆಯ ಕೆಳಗೆ ಮಡಿಸಿದ ಟವೆಲ್ ಇಡಿ. ಅಂಗೈಯ ನಡುವೆ ತಗ್ಗಿರುವುದರಿಂದ ಗಟ್ಟಿ ಮೇಜಿನ ಮೇಲೆ ಎಷ್ಟು ಒತ್ತಿದರೂ ಆ ತಗ್ಗು ಕಾಗದಕ್ಕೆ ತಾಕುವುದಿಲ್ಲ, ಆನೆಯ ಹೊಟ್ಟೆಯಲ್ಲಿ ಬಿಳಿ ತೂತು ಉಳಿಯುತ್ತದೆ. ಅಡಿಯಲ್ಲಿ ಮೆತ್ತೆಯಿದ್ದರೆ ಹಾಳೆಯೇ ಎದ್ದು ಅಂಗೈಗೆ ಕೂಡಿಕೊಳ್ಳುತ್ತದೆ. ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಟವೆಲನ್ನು ನೆನಪಿಡಿ.

ತಟ್ಟೆಗೆ ಬಣ್ಣ ಸುರಿದು ಅದರಲ್ಲಿ ಕೈ ಅದ್ದಿಸುವುದು ಸುಲಭವೆನಿಸಿದರೂ ತಪ್ಪು ದಾರಿ. ಅದ್ದಿದ ಕೈಯ ಅಂಚುಗಳಲ್ಲಿ ಬಣ್ಣ ದಪ್ಪಗೆ ಕೂರುತ್ತದೆ, ನಡುವೆ ತೆಳುವಾಗುತ್ತದೆ. ಮಗುವಿನ ಅಂಗೈಯನ್ನು ನಿಮ್ಮ ಎಡಗೈ ಮೇಲೆ ಮಲಗಿಸಿಕೊಂಡು ಬ್ರಷ್ಷಿನಿಂದ ಮೊದಲು ಅಂಗೈ, ಆಮೇಲೆ ಹೆಬ್ಬೆರಳು, ಕೊನೆಗೆ ಉಳಿದ ಬೆರಳುಗಳಿಗೆ ಬುಡದಿಂದ ತುದಿಯತ್ತ ಹಚ್ಚಿ. ಬೆರಳುಗಳು ಕೊನೆಗೆ ಬರಬೇಕಾದ್ದು ಅವು ಬೇಗ ಒಣಗುತ್ತವೆ ಎಂಬ ಕಾರಣಕ್ಕೆ. ಮಣಿಕಟ್ಟಿನ ಮಡಿಕೆ ಬಂದಲ್ಲಿಗೆ ಬಣ್ಣ ನಿಲ್ಲಲಿ. ಮುಂದೋಳು ಹಾಳೆಯ ಮೇಲೆಯೇ ಹಾದುಬರುವುದರಿಂದ ಅಲ್ಲಿ ಬಣ್ಣವಿದ್ದರೆ ಅಂಬಾರಿಯ ಜಾಗ ಕೊಳಕಾಗುತ್ತದೆ. ತೋಳಿನ ಬಟ್ಟೆಯನ್ನು ಮೊಣಕೈ ತನಕ ಮಡಚಿರಬೇಕೆಂದು ಬೇರೆ ಹೇಳಬೇಕಿಲ್ಲ.

ಸಾಕಷ್ಟಾಯಿತೆಂದು ತಿಳಿಯುವುದು ಹೀಗೆ: ಬಣ್ಣದ ಪದರದ ಅಡಿಯಲ್ಲಿ ಕೈಗೆರೆಗಳು ಮಸುಕಾಗಿ ಕಾಣುತ್ತಿದ್ದರೆ ಸರಿ. ಗೆರೆಗಳು ಪೂರ್ತಿ ಮುಚ್ಚಿ ಬೆರಳ ಬದಿಗಳಲ್ಲಿ ಬಣ್ಣ ಹನಿಗಟ್ಟಿದ್ದರೆ ಹೆಚ್ಚಾಗಿದೆ. ಆಗ ಒಮ್ಮೆ ಹಳೆಯ ಪತ್ರಿಕೆಯ ಮೇಲೆ ಒತ್ತಿಸಿ ತೆಗೆಯಿರಿ, ಆಮೇಲಿನ ಎರಡನೆಯ ಅಚ್ಚು ಹಲವು ಬಾರಿ ಮೊದಲಿನದಕ್ಕಿಂತ ಚೊಕ್ಕವಾಗಿ ಬರುತ್ತದೆ.

ಒತ್ತುವಾಗ ಮಗುವಿನ ಮಣಿಕಟ್ಟನ್ನು ನೀವು ಹಿಡಿದುಕೊಂಡು, ಸೀಸದ ಗೆರೆಗೆ ನಡುಬೆರಳ ತುದಿಯನ್ನು ಸರಿಹೊಂದಿಸಿ, ಕೈಯನ್ನು ಮೇಲಿನಿಂದ ನೇರವಾಗಿ ಇಳಿಸಿ. ಹಾಳೆಗೆ ತಾಕಿದ ಮೇಲೆ ಸರಿಪಡಿಸಲು ಹೋಗಲೇಬಾರದು, ಸೊಟ್ಟ ಬಿದ್ದರೆ ಸೊಟ್ಟ ಆನೆಯೇ ಇರಲಿ, ಜರುಗಿಸಿದರೆ ಆನೆಯೇ ಇರುವುದಿಲ್ಲ. ಆಮೇಲೆ ನಿಮ್ಮ ಬೆರಳಿನಿಂದ ಮಗುವಿನ ಒಂದೊಂದು ಬೆರಳ ಬೆನ್ನನ್ನೂ ಬುಡದಿಂದ ತುದಿಯವರೆಗೆ ಮೆಲ್ಲಗೆ ಅದುಮಿ. ಹೆಬ್ಬೆರಳು ಸ್ವಭಾವತಃ ಮಗ್ಗುಲಾಗಿ ಕೂರುವುದರಿಂದ ಅದನ್ನು ಮಾತ್ರ ತುಸು ಹೊರಳಿಸಿ ಒತ್ತಬೇಕು, ಇಲ್ಲವಾದರೆ ಸೊಂಡಿಲು ತೆಳ್ಳಗಿನ ಗೆರೆಯಾಗುತ್ತದೆ. ಕೊನೆಗೆ ಅಂಗೈಯ ನಡುಭಾಗವನ್ನು ಅದುಮಿ ಮೂರು ಎಣಿಸಿ.

ಎತ್ತುವುದಕ್ಕೆ ಇನ್ನೊಬ್ಬರಿದ್ದರೆ ಸುಲಭ. ಒಬ್ಬರು ಹಾಳೆಯ ಎರಡು ಮೂಲೆಗಳನ್ನು ಒತ್ತಿ ಹಿಡಿಯಲಿ, ಇನ್ನೊಬ್ಬರು ಮಣಿಕಟ್ಟು ಹಿಡಿದು ಕೈಯನ್ನು ನೇರ ಮೇಲಕ್ಕೆತ್ತಲಿ. ಹಾಳೆಯನ್ನು ಹಿಡಿಯದಿದ್ದರೆ ಅದು ಕೈಗೆ ಅಂಟಿಕೊಂಡೇ ಮೇಲೆದ್ದು, ಗಾಬರಿಯಾದ ಮಗು ಕೈ ಕೊಡವಿ, ಬಣ್ಣ ಎಲ್ಲೆಲ್ಲೋ ಹಾರುತ್ತದೆ. ಎತ್ತಿದ ಕೈ ನೇರವಾಗಿ ಬಕೆಟ್ಟಿಗೆ ಹೋಗಲಿ. ಮೊದಲು ಹಳೆಯ ಬಟ್ಟೆಯಿಂದ ಬಣ್ಣ ಒರೆಸಿ, ಆಮೇಲೆ ನೀರು, ಆಮೇಲೆ ಸೋಪು. ಉಗುರಿನ ಸಂದಿಯಲ್ಲಿ ಉಳಿದದ್ದನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಬಹುದು. ಸೀಮೆಎಣ್ಣೆ, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಇವುಗಳನ್ನು ಮಕ್ಕಳ ಕೈಗೆ ಸೋಂಕಿಸಬಾರದು.

7. ಬಿದ್ದ ಅಚ್ಚನ್ನು ಓದುವುದು

ಮೊದಲ ಅಚ್ಚನ್ನು ನೋಡಿದರೆ ಮುಂದಿನದನ್ನು ಹೇಗೆ ತಿದ್ದಬೇಕೆಂದು ತಿಳಿಯುತ್ತದೆ. ನಡುವೆ ಬಿಳಿ ಉಳಿದಿದ್ದರೆ ಟವೆಲಿಗೆ ಇನ್ನೊಂದು ಮಡಿಕೆ ಬೇಕು. ಬೆರಳುಗಳ ನಡುವೆ ಜಾಲ ಕಟ್ಟಿದ್ದರೆ ಬಣ್ಣ ನೀರಾಗಿದೆ. ಅಚ್ಚಿನೊಳಗೆಲ್ಲ ಮರದ ಬೇರಿನಂಥ ಕವಲುಗೆರೆಗಳು ಎದ್ದಿದ್ದರೆ ಬಣ್ಣ ತೀರ ದಪ್ಪವಾಗಿ ಹಚ್ಚಿದ್ದೀರಿ, ಅದು ಒಣಗಿದ ಮೇಲೆ ಬಿರುಕು ಬಿಡುತ್ತದೆ. ಒಂದು ಬದಿಯ ಅಂಚು ಮಾತ್ರ ಜೋಡಿಯಾಗಿ ಕಂಡರೆ ಕೈ ಜರುಗಿದೆ.

ಇವುಗಳಲ್ಲಿ ಬಿಳಿ ತೂತೊಂದನ್ನು ಅಲ್ಲೇ ತಿದ್ದಬಹುದು. ಅಚ್ಚು ಒದ್ದೆಯಿರುವಾಗಲೇ ಅದೇ ಬಣ್ಣವನ್ನು ಬೆರಳ ತುದಿಗೆ ತೆಗೆದುಕೊಂಡು ತಟ್ಟಬೇಕು. ಬ್ರಷ್ಷಿನಿಂದ ಎಳೆದರೆ ಚರ್ಮದ ನವಿರಾದ ಗೆರೆಗಳು ಅಳಿಸಿಹೋಗಿ ಅಲ್ಲಿ ತೇಪೆ ಎದ್ದು ಕಾಣುತ್ತದೆ.

ಇನ್ನೊಂದು ಕೊರತೆ ಎಲ್ಲ ಅಚ್ಚುಗಳಲ್ಲೂ ಇರುತ್ತದೆ, ಅದು ನಿಮ್ಮ ತಪ್ಪಲ್ಲ. ಕಿರುಬೆರಳು ಗಿಡ್ಡವಾದ್ದರಿಂದ ಆನೆಯ ಹಿಂಗಾಲು ನೆಲ ಮುಟ್ಟದೆ ಗಾಳಿಯಲ್ಲಿ ತೇಲುತ್ತದೆ. ಹತ್ತಿಕಡ್ಡಿಯಿಂದ ಅದೇ ಬಣ್ಣವನ್ನು ತಟ್ಟಿ ಕಿರುಬೆರಳನ್ನೂ ತೋರುಬೆರಳನ್ನೂ ಸೀಸದ ಗೆರೆಯವರೆಗೆ ಇಳಿಸಿ. ಇದನ್ನೂ ಒದ್ದೆಯಲ್ಲೇ ಮಾಡಬೇಕು, ಒಣಗಿದ ಮೇಲೆ ಸೇರಿಸಿದ ಬಣ್ಣ ಬೇರೆಯಾಗಿ ತೋರುತ್ತದೆ.

8. ಒಣಗಿಸುವುದು

ಹಾಳೆಯನ್ನು ಸಮತಟ್ಟಾದ ಜಾಗದಲ್ಲಿ ಮಲಗಿಸಿ, ಈಗ ಫ್ಯಾನ್ ಹಾಕಿ. ಬಯಲುಸೀಮೆಯಲ್ಲಿ ಎರಡು ಗಂಟೆ ಸಾಕಾಗಬಹುದು, ಮಲೆನಾಡು ಕರಾವಳಿಗಳ ತೇವದ ಹವೆಯಲ್ಲಿ ಒಂದು ರಾತ್ರಿ ಬಿಡುವುದೇ ಕ್ಷೇಮ. ಬಿಸಿಲಿಗಿಟ್ಟರೆ ಹಾಳೆ ಸುರುಳಿಯಾಗುತ್ತದೆ. ಬೆರಳಿನ ಬೆನ್ನಿನಿಂದ ಮುಟ್ಟಿ ನೋಡಿ: ಬಣ್ಣ ಅಂಟದಿದ್ದರೂ ತಣ್ಣಗೆನಿಸಿದರೆ ಒಳಗೆ ಇನ್ನೂ ತೇವವಿದೆ.

9. ಅಚ್ಚು ಆನೆಯಾಗುವುದು

ಹಾಳೆಯನ್ನು ತಿರುಗಿಸಿ ಇಟ್ಟುಕೊಳ್ಳಿ. ಬರೆಯುವ ಸರದಿ ಹೀಗಿರಲಿ: ಕಿವಿ, ಕಣ್ಣು, ಕೋರೆ, ಬಾಲ, ಉಗುರು. ಕಿವಿಯೇ ಮೊದಲು ಏಕೆಂದರೆ ತಲೆ ಎಲ್ಲಿ ಮುಗಿದು ಮೈ ಎಲ್ಲಿ ಶುರುವಾಗುತ್ತದೆಂಬುದನ್ನು ತೋರಿಸುವುದು ಅದೊಂದೇ. ಹೆಬ್ಬೆರಳು ಅಂಗೈಗೆ ಸೇರುವ ಜಾಗದಲ್ಲಿ ಕಪ್ಪು ಸ್ಕೆಚ್ ಪೆನ್ನಿನಿಂದ ವೀಳ್ಯದೆಲೆಯ ಅರ್ಧದಂಥ ಆಕಾರ ಬರೆಯಿರಿ. ಚಿತ್ರದ ಪುಸ್ತಕಗಳನ್ನು ನೋಡಿ ಬೆನ್ನು ಮುಚ್ಚುವಷ್ಟು ದೊಡ್ಡ ಕಿವಿ ಬರೆಯುವವರೇ ಹೆಚ್ಚು, ಅದು ಆಫ್ರಿಕಾದ ಆನೆ. ನಮ್ಮ ಆನೆಯ ಕಿವಿ ಸಣ್ಣದು, ಬೆನ್ನು ಕಮಾನಿನಂತೆ ಉಬ್ಬಿರುತ್ತದೆ, ಅಂಗೈ ದಿಂಡಿನ ದುಂಡುತನ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಕಣ್ಣು ಕಿವಿಯ ಮುಂದೆ, ಹೆಬ್ಬೆರಳ ಬುಡದಲ್ಲಿ ಬರುತ್ತದೆ. ಬಿಳಿ ಬಣ್ಣದಲ್ಲಿ ಹತ್ತಿಕಡ್ಡಿಯ ಒಂದು ಚುಕ್ಕೆ ಇಟ್ಟು, ಅದು ಒಣಗಿದ ಮೇಲೆ ಕಪ್ಪು. ಅಲುಗಾಡುವ ಪ್ಲಾಸ್ಟಿಕ್ ಕಣ್ಣು, ಮಣಿ, ಚಮಕಿಗಳನ್ನು ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಅಂಟಿಸಬೇಡಿ, ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕೋರೆಯನ್ನು ಸೊಂಡಿಲಿನ ಬುಡದಿಂದ ಮುಂದಕ್ಕೆ ಬಾಗಿದ ಬಿಳಿ ಗೆರೆಯಾಗಿ ಬರೆದು ಸುತ್ತ ಕಪ್ಪಂಚು ಕೊಡಿ, ಅಂಚಿಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಅದು ಕಾಣುವುದೇ ಇಲ್ಲ. ಕಿರುಬೆರಳ ಬದಿಯ ಮೇಲಂಚಿನಿಂದ ಬಾಲ ಇಳಿಯಲಿ. ಪ್ರತಿ ಕಾಲಿನ ತುದಿಗೆ ಮೂರು ಬಿಳಿ ಚುಕ್ಕೆ ಇಟ್ಟರೆ ಉಗುರು.

ದಸರಾ ಆನೆಗಳ ಸೊಂಡಿಲು, ಕಿವಿ, ಕಾಲುಗಳ ಮೇಲೆ ಬರೆಯುವ ಹೂಬಳ್ಳಿ, ಶಂಖ, ಚಕ್ರಗಳನ್ನು ಮಗುವೇ ಬರೆಯಲಿ. ಹತ್ತಿಕಡ್ಡಿಯನ್ನು ಹಳದಿ, ಗುಲಾಬಿ, ಬಿಳಿ ಬಣ್ಣಗಳಲ್ಲಿ ಅದ್ದಿ ಚುಕ್ಕೆ ಸಾಲು ಇಡುವುದು ಮೂರು ವರ್ಷದವರಿಗೂ ಆಗುತ್ತದೆ. ಒಂದು ಬಣ್ಣಕ್ಕೆ ಒಂದೇ ಕಡ್ಡಿ ಎಂಬ ನಿಯಮ ಮಾತ್ರ ಮೀರಬಾರದು, ಮೀರಿದರೆ ಹತ್ತು ನಿಮಿಷದಲ್ಲಿ ಎಲ್ಲ ಬಟ್ಟಲುಗಳೂ ಕೆಸರು ಬಣ್ಣಕ್ಕೆ ತಿರುಗುತ್ತವೆ.

10. ಗಾದಿ, ಅಂಬಾರಿ, ಕುಮ್ಕಿ

ಅರಮನೆಯಲ್ಲಿ ಆನೆಯ ಬೆನ್ನಿಗೆ ಮೊದಲು ನಮ್ದಾ ಎಂಬ ಮೆತ್ತೆ ಮತ್ತು ಗಾದಿ ಕಟ್ಟಿ ಆಮೇಲೆ ಅಂಬಾರಿ ಏರಿಸುತ್ತಾರೆ. ಇಲ್ಲಿಯೂ ಅದೇ ಕ್ರಮ, ಅದಕ್ಕೊಂದು ಪ್ರಯೋಜನವೂ ಇದೆ. ಅಂಗೈ ದಿಂಡಿನ ಅಚ್ಚು ಸಾಮಾನ್ಯವಾಗಿ ಹರಿದ ಅಂಚಿನಂತೆ ಅರ್ಧಂಬರ್ಧ ಮೂಡಿರುತ್ತದೆ. ಕೆಂಪು ಕಾಗದದ ಗಾದಿಯನ್ನು ಬೆನ್ನಿನ ಎರಡೂ ಕಡೆ ಇಳಿಬೀಳುವಂತೆ ಅಂಟಿಸಿದರೆ ಆ ಕೊರತೆ ಮುಚ್ಚಿಹೋಗುತ್ತದೆ. ಅದರ ಮೇಲೆ ಚಿನ್ನದ ಬಣ್ಣದ ಕಾಗದದಲ್ಲಿ ಕತ್ತರಿಸಿದ ಅಂಬಾರಿ: ಕೆಳಗೆ ಪೀಠ, ನಡುವೆ ಕಂಬಗಳು, ಮೇಲೆ ಗೋಪುರ. ನಿಜವಾದ ಚಿನ್ನದ ಅಂಬಾರಿ ಸುಮಾರು 750 ಕೆ.ಜಿ. ತೂಗುತ್ತದೆ. ಕಾಗದದ ಆನೆಗೆ ಹೊಳಪಿನ ರಟ್ಟೂ ಅಷ್ಟೇ ಭಾರ, ಹಾಳೆ ಬಾಗಿ ಬೆನ್ನಿನ ಬಣ್ಣ ಬಿರಿಯುತ್ತದೆ. ತೆಳು ಕಾಗದವನ್ನೇ ಬಳಸಿ, ಫೆವಿಕಾಲನ್ನು ಅಂಚಿಗಷ್ಟೇ ಕಡ್ಡಿಯಲ್ಲಿ ತೆಳುವಾಗಿ ಸವರಿ. ಕತ್ತರಿ ಕೆಲಸ ದೊಡ್ಡವರದು, ಅಂಟಿಸುವುದು ಮಕ್ಕಳದು.

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಮೆರವಣಿಗೆಯನ್ನೇ ಮಾಡಬಹುದು. ಅಂಬಾರಿ ಆನೆಯ ಎಡಬಲಕ್ಕೆ ಕುಮ್ಕಿ ಆನೆಗಳು ನಡೆಯುವಂತೆ, ಅಪ್ಪನ ಅಥವಾ ಅಮ್ಮನ ಅಂಗೈ ಅಂಬಾರಿ ಆನೆಯಾಗಿ ನಡುವೆ, ಮಕ್ಕಳ ಅಂಗೈಗಳು ಹಿಂದೆ ಮುಂದೆ. ಇದಕ್ಕೆ ಎ3 ಹಾಳೆಯನ್ನು ಅಡ್ಡಡ್ಡವಾಗಿ ಬಳಸಬೇಕು. ದೊಡ್ಡವರ ಅಂಗೈಯನ್ನು ಮೊದಲು ಒತ್ತಿ, ಅದು ಒಣಗಿದ ಮೇಲೆ ಮಕ್ಕಳದು. ಕುಮ್ಕಿಗಳಾಗಿ ನಡೆಯುವುದು ಸಾಮಾನ್ಯವಾಗಿ ಹೆಣ್ಣಾನೆಗಳಾದ್ದರಿಂದ ಮಕ್ಕಳ ಆನೆಗಳಿಗೆ ಕೋರೆ ಬರೆಯುವ ಕೆಲಸ ತಪ್ಪುತ್ತದೆ.

ಇದೇ ಕೈಯಲ್ಲಿ ಬೇರೆ ಪ್ರಾಣಿಗಳು

ಕಾರಹುಣ್ಣಿಮೆಗೋ ಸಂಕ್ರಾಂತಿಗೋ ಎತ್ತು ಮಾಡುವುದಾದರೆ ಮುಖ್ಯ ವ್ಯತ್ಯಾಸ ಹೆಬ್ಬೆರಳಿನದು. ಆನೆಗೆ ಅದು ಓರೆಯಾಗಿ ಇಳಿಬಿದ್ದರೆ ಸರಿ, ಎತ್ತಿಗೆ ಮಾತ್ರ ಅಂಗೈಗೆ ಅಡ್ಡವಾಗಿ ಎಷ್ಟು ಸಾಧ್ಯವೋ ಅಷ್ಟು ಚಾಚಿರಬೇಕು. ಇಲ್ಲವಾದರೆ ಶೃಂಗಾರಗೊಂಡ ಎತ್ತು ತಲೆ ತಗ್ಗಿಸಿ ಮೇಯುತ್ತಿರುವಂತೆ ಕಾಣುತ್ತದೆ. ಬಿಳಿ ಎತ್ತು ಬೇಕಿದ್ದರೆ ಕಡುನೀಲಿ ಅಥವಾ ಕಂದು ಹಾಳೆ ತೆಗೆದುಕೊಳ್ಳಿ. ಒಣಗಿದ ಮೇಲೆ ಬೆನ್ನಿನ ಮುಂಭಾಗದಲ್ಲಿ ಹಿಣಿಲನ್ನು ಬೆರಳಚ್ಚಿನಿಂದ ಉಬ್ಬಿಸಿ, ಕತ್ತಿನಡಿಯಲ್ಲಿ ಗಂಗೆದೊಗಲು ಇಳಿಸಿ. ಹಳ್ಳಿಕಾರ್ ಎತ್ತಿನಂತೆ ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು ಬರೆದು ಅದಕ್ಕೆ ಮಗುವಿಗಿಷ್ಟವಾದ ಬಣ್ಣ, ಬೆನ್ನಿಗೆ ಜೂಲು. ಹಿಣಿಲಿಲ್ಲದಿದ್ದರೆ ಅದನ್ನು ನಾಯಿಯೆಂದು ಗುರುತಿಸುವವರೇ ಹೆಚ್ಚು.

ಕರಾವಳಿಯ ನವರಾತ್ರಿಯ ಹುಲಿವೇಷ ನೋಡಿದ ಮಕ್ಕಳು ಹುಲಿಯನ್ನೇ ಕೇಳುತ್ತಾರೆ. ಬರೀ ಹಳದಿ ಬಿಳಿ ಹಾಳೆಯ ಮೇಲೆ ಪೇಲವವಾಗಿ ಕಾಣುವುದರಿಂದ ಅದಕ್ಕೆ ಸ್ವಲ್ಪ ಕಿತ್ತಳೆ ಬೆರೆಸಿ. ಪಟ್ಟೆಗಳನ್ನು ಹಳದಿ ಪೂರ್ತಿ ಒಣಗಿದ ಮೇಲೆಯೇ ಎಳೆಯಬೇಕು, ಒದ್ದೆಯಲ್ಲಿ ಎಳೆದರೆ ಕಪ್ಪು ಹರಡಿ ಹಸಿರು ಕೊಳೆಯಂತಾಗುತ್ತದೆ.

ಕ್ರಿಸ್ಮಸ್ಸಿನ ಹಿಮಸಾರಂಗಕ್ಕೆ ಎರಡೂ ಅಂಗೈಗಳನ್ನು ಕಂದು ಬಣ್ಣದಲ್ಲಿ ಬೀಸಣಿಗೆಯಂತೆ ಅಗಲಿಸಿ ಹಾಳೆಯ ಮೇಲ್ಭಾಗದಲ್ಲಿ ಒತ್ತಿದರೆ ಕವಲೊಡೆದ ಕೊಂಬುಗಳಾಗುತ್ತವೆ, ಮುಖಕ್ಕೆ ಪಾದದ ಅಚ್ಚು. ಇಲ್ಲಿ ಹಾಳೆಯನ್ನು ತಿರುಗಿಸುವ ಪ್ರಶ್ನೆಯಿಲ್ಲ. ಪಾದವನ್ನು ಮೊದಲು, ಅಂಗೈಗಳನ್ನು ಆಮೇಲೆ ಒತ್ತಿ, ಏಕೆಂದರೆ ಕೊಂಬನ್ನು ತಲೆಗೆ ಹೊಂದಿಸಬಹುದು, ಒದ್ದಾಡುವ ಕಾಲನ್ನು ಕೊಂಬಿನ ನಡುವೆ ಹೊಂದಿಸಲಾಗದು. ಗಣೇಶ ಚೌತಿಯ ಇಲಿಗೆ ಅಂಗೈಯೇ ಬೇಡ, ಒಂದು ಹೆಬ್ಬೆರಳಚ್ಚು, ಅದರ ತುದಿಗೆ ಎರಡು ಕಿರುಬೆರಳಚ್ಚಿನ ಕಿವಿ, ಒಂದು ಬಾಲ.

ಹಾಳೆಯನ್ನು ಉಳಿಸಿಕೊಳ್ಳುವುದು

ಒಣಗಿದ ಹಾಳೆ ಬಾಗಿದ್ದರೆ ಮೇಲೊಂದು ಶುಭ್ರವಾದ ಬಿಳಿ ಕಾಗದ ಹೊದಿಸಿ, ಎರಡು ದಿನ ದಪ್ಪ ಪುಸ್ತಕಗಳ ಅಡಿಯಲ್ಲಿಡಿ. ಪತ್ರಿಕೆಯನ್ನು ಹೊದಿಸಿದರೆ ಅದರ ಅಕ್ಷರಗಳು ಆನೆಯ ಮೈಮೇಲೆ ಇಳಿಯುತ್ತವೆ. ಪೋಸ್ಟರ್ ಕಲರ್ ಒಣಗಿದ ಮೇಲೂ ನೀರು ತಾಕಿದರೆ ಕರಗುವುದರಿಂದ ಹೊಳಪಿಗೆಂದು ಮೇಲೆ ನೀರು ಬೆರೆಸಿದ ಫೆವಿಕಾಲ್ ಸವರುವ ಆಸೆಯನ್ನು ಬಿಡಬೇಕು, ಕಣ್ಣು ಕೋರೆಗಳೆಲ್ಲ ಒಂದಾಗಿ ಹರಿಯುತ್ತವೆ. ಲ್ಯಾಮಿನೇಷನ್ ಮಾಡಿಸುವುದಾದರೆ ಅಚ್ಚು ಒತ್ತಿ ಕನಿಷ್ಠ ಒಂದು ಇಡೀ ದಿನ ಕಳೆದಿರಲಿ. ತೇವ ಒಳಗುಳಿದರೆ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಗುಳ್ಳೆಗಳೇಳುತ್ತವೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ಕಾಗದದ ಅಂಬಾರಿ ಅಂಟಿಸಿದ ಹಾಳೆ ಲ್ಯಾಮಿನೇಷನ್ ಯಂತ್ರದ ಉರುಳೆಗಳ ನಡುವೆ ಸಿಕ್ಕಿ ಮಡಚಿಕೊಳ್ಳಬಹುದಾದ್ದರಿಂದ ಅಂಥದನ್ನು ಗಾಜಿನ ಫ್ರೇಮಿಗೆ ಹಾಕಿಸುವುದೇ ಸರಿ. ಫ್ರೇಮಿನವರಿಗೆ ಗಾಜು ಬಣ್ಣಕ್ಕೆ ತಾಗದಂತೆ ಸುತ್ತ ದಪ್ಪ ರಟ್ಟಿನ ಅಂಚು ಕೊಡಲು ಹೇಳಿ.